ಪಿಎಸ್‌ಐ ನೋಡಿ ಮರುಳಾಗ್ಬೇಡಿ, ಲೀಟರ್ ಲೆಕ್ಕ ಹಾಕಿ

ಭಾನುವಾರ ಬೆಳಗ್ಗೆ ಆರೂವರೆಗೆ ಬಿಳಿಕೆರೆಯಿಂದ ಹುಣಸೂರಿನ ಕಡೆ ಬಂದು ನೋಡಿ. ಹಾಲಿನ ಕ್ಯಾನ್ ಕಟ್ಕೊಂಡ ಟಿವಿಎಸ್‌ಗಳ ಜೊತೆಗೆ ಹೆಲ್ಮೆಟ್ ಹಾಕ್ಕೊಂಡ ಗೇರ್ ಸೈಕಲ್‌ನವರೂ ಕಾಣ್ತಾರೆ. ಮೈಸೂರಿನವರು ಕೆಲವರು, ವಾರದಲ್ಲಿ ಎರಡು ಮೂರು ದಿನ ಊರಿಂದಲೇ ಲಾಗಿನ್ ಆಗೋ ನನ್ನಂಥವರು ಕೆಲವರು. ಮೊದಲೆಲ್ಲ ನಮ್ಮ ಮಾತು ಗೇರು, ಸೀಟು, ಶೂ ಬಗ್ಗೆ ಇರ್ತಿತ್ತು. ಈಗ ಟೀ ಅಂಗಡಿ ಮುಂದೆ ನಿಂತ ಕೂಡಲೇ ಬರೋ ಪ್ರಶ್ನೆ ಒಂದೇ: "ಆ ಚಾರ್ಜ್ ಮಾಡೋ ಪಂಪ್ ಇದ್ಯಲ್ಲ, ಯಾವುದು ತಗೊಳ್ಳೋದು?"

ಈ ಸಲದ ಅಂಕಣ ಅದಕ್ಕೇ.

ಅಂಗೈಯಲ್ಲಿ ಹಿಡಿಯೋವಷ್ಟು ಡಬ್ಬಿ. ಒಳಗೆ ಒಂದು ಪುಟ್ಟ ಮೋಟಾರ್, ಅದು ಓಡಿಸೋ ಪಿಸ್ಟನ್, ಲಿಥಿಯಂ ಬ್ಯಾಟರಿ. ಮುಂದೆ ಒಂದು ನಾಝಲ್ ಅಥವಾ ಗೇಣುದ್ದದ ಪೈಪ್. ಶವೋಮಿ ತನ್ನ ಇನ್‌ಫ್ಲೇಟರನ್ನ ಭಾರತಕ್ಕೆ ತಂತು. ಈಗ ಬೇಕಾದಷ್ಟು ಕಂಪನಿಗಳದ್ದು ಸಿಗುತ್ತೆ. ಸುಮಾರು ಒಂದೂವರೆ ಸಾವಿರದಿಂದ ನಾಲ್ಕು ಸಾವಿರ ರೂಪಾಯಿ ಒಳಗೆ ಮುಗಿಯುತ್ತೆ. ಗಾತ್ರದಲ್ಲಿ ಎರಡು ಜಾತಿ: ಜೇಬಿಗೆ ಹೋಗೋ ನೂರು, ನೂರೈವತ್ತು ಗ್ರಾಂನ ಚಿಕ್ಕವು; ಪವರ್ ಬ್ಯಾಂಕ್‌ನಂತೆ ದಪ್ಪಗಿರೋ, ಅರ್ಧ ಕಿಲೋ ಆಸುಪಾಸಿನ ದೊಡ್ಡವು.

ಎಲ್ಲದರ ಬಾಕ್ಸ್ ಮೇಲೂ ದಪ್ಪಕ್ಷರದಲ್ಲಿ ಬರೆದಿರುತ್ತೆ, 120 ಪಿಎಸ್‌ಐ, 150 ಪಿಎಸ್‌ಐ. ನಾವು ಮರುಳಾಗೋದು ಅಲ್ಲೇ.

ಗಾಳಿಯನ್ನ ಲೀಟರ್‌ನಲ್ಲಿ ಅಳೆಯಿರಿ

ಪಿಯುಸಿಯಲ್ಲಿ ಓದಿದ ಬಾಯ್ಲ್‌ನ ನಿಯಮ ನೆನಪಿದ್ಯಾ? ಪರೀಕ್ಷೆ ಮುಗಿದ ಮೇಲೆ ಅದು ಕೆಲಸಕ್ಕೆ ಬರೋ ಜಾಗ ಇದು. ಒಂದು ವಾತಾವರಣದ ಒತ್ತಡ ಅಂದ್ರೆ ಸುಮಾರು 14.7 ಪಿಎಸ್‌ಐ. ಟೈರಿನ ಒಳಗಿನ ಜಾಗ ಎಷ್ಟು ಲೀಟರ್ ಅಂತ ನೋಡಿ, ಅದನ್ನ ನಿಮಗೆ ಬೇಕಾದ ಪಿಎಸ್‌ಐನಿಂದ ಗುಣಿಸಿ, 14.7ರಿಂದ ಭಾಗಿಸಿ. ಪಂಪ್ ಹೊರಗಿಂದ ಎಷ್ಟು ಲೀಟರ್ ಗಾಳಿ ಎಳೆದು ಒಳಗೆ ತುರುಕಬೇಕು ಅನ್ನೋ ಲೆಕ್ಕ ಸಿಗುತ್ತೆ.

ಟೈರನ್ನ ಬಳೆಯಂತೆ ಬಾಗಿಸಿದ ಕೊಳವೆ ಅಂದ್ಕೊಂಡು ನಾನು ಹಾಕಿದ ಲೆಕ್ಕ ಹೀಗಿದೆ. ರೋಡ್ ಸೈಕಲ್‌ನ 700×28 ಟೈರಿನ ಒಳಗೆ ಸುಮಾರು 1.25 ಲೀಟರ್ ಜಾಗ. 80 ಪಿಎಸ್‌ಐ ಬೇಕು ಅಂದ್ರೆ ಸುಮಾರು 7 ಲೀಟರ್ ಗಾಳಿ. ಹೈಬ್ರಿಡ್ ಸೈಕಲ್‌ನ 700×40 ಟೈರ್ ಆದ್ರೆ 2.6 ಲೀಟರ್ ಜಾಗ, 45 ಪಿಎಸ್‌ಐಗೆ ಸುಮಾರು 8 ಲೀಟರ್ ಗಾಳಿ. ಎಂಟಿಬಿಯ 29×2.2 ಟೈರಿನಲ್ಲಿ ಐದು ಲೀಟರ್‌ಗೂ ಸ್ವಲ್ಪ ಹೆಚ್ಚು ಜಾಗ. ಬರೀ 30 ಪಿಎಸ್‌ಐ ಸಾಕಾದ್ರೂ ಗಾಳಿ ಸುಮಾರು 10.5 ಲೀಟರ್ ಬೇಕು.

ತಮಾಷೆ ಗೊತ್ತಾಯ್ತಾ? ಕಡಿಮೆ ಪಿಎಸ್‌ಐ ಕೇಳೋ ದಪ್ಪ ಟೈರೇ ಪಂಪ್‌ನಿಂದ ಹೆಚ್ಚು ಗಾಳಿ ಕೇಳುತ್ತೆ. 30 ಪಿಎಸ್‌ಐ ತುಂಬೋಕೆ 150 ಪಿಎಸ್‌ಐ ಪಂಪ್ ಅಂದ್ರೆ, ಹತ್ತು ಕೊಡ ನೀರು ಹೊರೋ ಕೆಲಸಕ್ಕೆ ಎತ್ತರ ಹಾರೋನನ್ನ ಕರೆದ ಹಾಗೆ. ನಿಮಗೆ ಬೇಕಿರೋದು ಉಸಿರು ಗಟ್ಟಿ ಇರೋನು. ರೋಡ್ ಸೈಕಲ್‌ನವರ ಕಥೆ ಬೇರೆ. ಅವರಿಗೆ ಗಾಳಿ ಕಡಿಮೆ ಸಾಕು, ಆದ್ರೆ ಕೊನೆಯ ಇಪ್ಪತ್ತು ಪಿಎಸ್‌ಐ ತುಂಬುವಾಗ ಚಿಕ್ಕ ಮೋಟಾರ್ ಏದುಸಿರು ಬಿಡುತ್ತೆ, ಬಿಸಿ ಏರುತ್ತೆ.

ಇದೇ ಲೆಕ್ಕದಲ್ಲಿ ಕಾರ್ ಟೈರ್ ನೋಡಿ. ಒಳಗೆ ಸುಮಾರು 30 ಲೀಟರ್ ಜಾಗ ಅಂದ್ಕೊಳ್ಳಿ. 33 ಪಿಎಸ್‌ಐಗೆ 67 ಲೀಟರ್ ಗಾಳಿ, ಅಂದ್ರೆ ಎಂಟಿಬಿ ಟೈರಿನ ಆರು ಪಟ್ಟು. "ಕಾರಿಗೂ ಆಗುತ್ತೆ" ಅಂತ ಬರೆದಿರೋ ಜೇಬಿನ ಪಂಪ್ ನಾಲ್ಕೈದು ಪಿಎಸ್‌ಐ ಕಡಿಮೆ ಆಗಿದ್ದನ್ನ ಸರಿ ಮಾಡಬಹುದು, ಪೂರ್ತಿ ಕೂತ ಟೈರನ್ನ ಎಬ್ಬಿಸೋ ತಾಕತ್ತು ಅದಕ್ಕಿರಲ್ಲ.

ಹಾಗಾಗಿ ಅಂಗಡಿಯಲ್ಲಿ ಅಥವಾ ಆ್ಯಪ್‌ನಲ್ಲಿ ಹುಡುಕಬೇಕಾದ ಸಾಲು "ಗರಿಷ್ಠ ಒತ್ತಡ" ಅಲ್ಲ. "ಒಂದು ಚಾರ್ಜ್‌ಗೆ ಯಾವ ಅಳತೆಯ ಟೈರ್, ಎಷ್ಟು ಪಿಎಸ್‌ಐಗೆ, ಎಷ್ಟು ಸಲ" ಅನ್ನೋ ಸಾಲು. ಅದನ್ನ ಬರೆಯದ ಕಂಪನಿಯ ಪಂಪನ್ನ ನಾನು ಕಾರ್ಟ್‌ಗೇ ಹಾಕಲ್ಲ.

ಮೊದಲು ವಾಲ್ವ್ ನೋಡಿ

ನಮ್ಮನೆಯಲ್ಲಿ ಇಬ್ಬರ ಸೈಕಲ್, ಎರಡು ಜಾತಿ ವಾಲ್ವ್. ಅಪ್ಪ ಗದ್ದೆಗೆ ಹೋಗೋ ಹಳೇ ಸೈಕಲ್‌ನದ್ದು ಡನ್‌ಲಪ್ ವಾಲ್ವ್. ನನ್ನ ಹೈಬ್ರಿಡ್‌ನದ್ದು ಪ್ರೆಸ್ಟಾ. ಅಮ್ಮನ ಸ್ಕೂಟರ್‌ನದ್ದು ಶ್ರೇಡರ್. ಪಂಪ್ ತಂದ ದಿನ ಅಪ್ಪ ತಿರುಗಿಸಿ ಮುರುಗಿಸಿ ನೋಡಿ, "ಗಾಳಿ ಹೊಡಿಯಕ್ಕೂ ಚಾರ್ಜ್ ಹಾಕ್ಬೇಕೇನವ್ವಾ?" ಅಂದ್ರು. ಆಮೇಲೆ ಅವರದೇ ಸೈಕಲ್ ತಂದು ಮುಂದೆ ನಿಲ್ಲಿಸಿದ್ರು. "ಇದಕ್ಕೆ ಹೊಡಿ, ನೋಡಣ."

ಅಲ್ಲೇ ಇರೋದು ಕಷ್ಟ. ಬೆಲ್‌ಫಾಸ್ಟ್‌ನಲ್ಲಿ ದನದ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ತಗೊಂಡಿದ್ದು 1888ರಲ್ಲಿ. ಆ ಹೆಸರು ಹೊತ್ತ ವಾಲ್ವ್ ಇವತ್ತೂ ನಮ್ಮ ಹಳ್ಳಿಗಳ ಸಾದಾ ಸೈಕಲ್‌ಗಳಲ್ಲಿದೆ. ಲೋಹದ ಕಡ್ಡಿಗೆ ತೂತು, ಅದರ ಮೇಲೆ ಬಿಗಿಯಾಗಿ ಕೂತ ರಬ್ಬರ್ ಕೊಳವೆ. ಅದನ್ನೇ ಶಾಪ್‌ನಲ್ಲಿ "ವಾಲ್ ಟ್ಯೂಬ್" ಅಂತ ಕೊಡ್ತಾರೆ. ಪಂಪ್ ತಳ್ಳಿದಾಗ ರಬ್ಬರ್ ಹಿಗ್ಗಿ ಗಾಳಿ ಒಳಗೆ ಬಿಡುತ್ತೆ, ತಳ್ಳೋದು ನಿಂತ ಕೂಡಲೇ ಮುಚ್ಚಿಕೊಳ್ಳುತ್ತೆ. ಒಳಗಿನ ಗಾಳಿ ಹೊರಗೆ ಬರದ ಮೇಲೆ ಪಂಪ್‌ನ ಮೀಟರ್ ಟೈರಿನ ಒತ್ತಡ ಓದೋದು ಹೇಗೆ? ಅದು ಓದೋದು ತನ್ನ ಪೈಪಿನೊಳಗಿನ ಒತ್ತಡ ಮಾತ್ರ. ರಬ್ಬರ್ ತೆರೆಯೋಕೇ ಒಂದಿಷ್ಟು ಒತ್ತಡ ಬೇಕಾಗೋದರಿಂದ ಸ್ಕ್ರೀನ್‌ನಲ್ಲಿ ನಂಬರ್ ಬೇಗ ಏರುತ್ತೆ. 45ಕ್ಕೆ ಸೆಟ್ ಮಾಡಿದ್ರೆ ಟೈರ್ ಇನ್ನೂ ಮೆತ್ತಗಿರುವಾಗಲೇ ಪಂಪ್ "ಮುಗೀತು" ಅಂತ ಆಫ್ ಆಗಬಹುದು. ಇಲ್ಲಿ ಸೆಟ್ಟಿಂಗ್ ಸ್ವಲ್ಪ ಮೇಲಿಟ್ಟು, ಆಗಾಗ ನಿಲ್ಲಿಸಿ, ಹೆಬ್ಬೆರಳಿನಿಂದ ಟೈರ್ ಒತ್ತಿ ನೋಡಿ. ಅಪ್ಪನ ಹೆಬ್ಬೆರಳು ಈ ಕೆಲಸಕ್ಕೆ ಯಾವ ಸೆನ್ಸರ್‌ಗೂ ಕಡಿಮೆ ಇಲ್ಲ. ನಾಝಲ್ ವಿಷಯಕ್ಕೆ ಬಂದ್ರೆ, ಪ್ರೆಸ್ಟಾಗೆ ಕೊಡೋ ಹಿತ್ತಾಳೆ ಅಡಾಪ್ಟರನ್ನೇ ಡನ್‌ಲಪ್‌ಗೂ ಬಳಸಬಹುದು.

2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ಕ್ಲಾಸಿಗೆ ಸೈಕಲ್ ಸಿಕ್ಕ ತಲೆಮಾರು ನಮ್ಮದು. ಆ ಸೈಕಲ್‌ಗಳಲ್ಲಿ ಕೆಲವು ಇವತ್ತೂ ಹಿತ್ತಲಲ್ಲೋ ಕೊಟ್ಟಿಗೆಯಲ್ಲೋ ಗೋಡೆಗೆ ಒರಗಿವೆ. ನಿಮ್ಮನೆಯದನ್ನ ಮತ್ತೆ ಓಡಿಸೋ ಆಸೆ ಇದ್ರೆ ಒಂದು ಉಪಾಯ ಇದೆ. ರಿಮ್‌ನಲ್ಲಿ ಡನ್‌ಲಪ್ ವಾಲ್ವ್ ಕೂರೋ ತೂತಿನಲ್ಲಿ ಶ್ರೇಡರ್ ವಾಲ್ವ್ ಕೂಡ ಕೂರುತ್ತೆ. ಟ್ಯೂಬ್ ಬದಲಾಯಿಸುವಾಗ ಅದೇ ಅಳತೆಯಲ್ಲಿ ಬೈಕ್ ವಾಲ್ವ್ ಇರೋ ಟ್ಯೂಬ್ ಸಿಕ್ಕರೆ ಅದನ್ನೇ ಹಾಕಿಸಿ. ಮೀಟರ್ ಸರಿಯಾಗಿ ಓದುತ್ತೆ, ಪೆಟ್ರೋಲ್ ಬಂಕ್‌ನ ಗಾಳಿಯೂ ಹಿಡಿಯುತ್ತೆ.

ಪ್ರೆಸ್ಟಾ ಇರೋರಿಗೆ ಒಂದು ಎಚ್ಚರಿಕೆ. ತುದಿಯ ಪುಟ್ಟ ನಟ್ ಸಡಿಲ ಮಾಡಿ, ಒಮ್ಮೆ ಒತ್ತಿ "ಪುಸ್" ಅನ್ನಿಸಿ, ಆಮೇಲೆ ನಾಝಲ್ ಹಾಕಿ. ಪಂಪ್‌ನ ಪೈಪ್ ತಿರುಗಿಸಿ ಹಾಕೋ ಥರದ್ದಾದ್ರೆ, ಬಿಚ್ಚುವಾಗ ವಾಲ್ವ್‌ನ ಒಳಗಿನ ಕೋರ್ ಕೂಡ ಜೊತೆಗೇ ತಿರುಗಿ ಬರಬಹುದು. ಹತ್ತು ನಿಮಿಷದ ಗಾಳಿ ಒಂದು ಕ್ಷಣದಲ್ಲಿ ಹೋಗುತ್ತೆ. ಮನೆಯಲ್ಲೇ ಕೋರನ್ನ ಬಿಗಿ ಮಾಡಿಟ್ಟುಕೊಳ್ಳಿ.

ಬ್ಯಾಟರಿ: ಎಂಎಎಚ್ ಅರ್ಧ ಸತ್ಯ

ಫೋನ್ ಕೊಳ್ಳೋ ಅಭ್ಯಾಸದಲ್ಲಿ ನಾವು ಎಂಎಎಚ್ ನೋಡ್ತೀವಿ. ಪಂಪ್‌ಗೆ ಅದು ಸಾಲದು. ಶಕ್ತಿ ಅಂದ್ರೆ ವ್ಯಾಟ್ ಅವರ್, ಅಂದ್ರೆ ಆಂಪಿಯರ್ ಅವರ್ ಗುಣಿಸು ವೋಲ್ಟ್. 2,000 ಎಂಎಎಚ್‌ನ ಬ್ಯಾಟರಿ 3.7 ವೋಲ್ಟ್‌ನದ್ದಾದ್ರೆ 7.4 ವ್ಯಾಟ್ ಅವರ್. ಅದೇ 2,000 ಎಂಎಎಚ್ 7.4 ವೋಲ್ಟ್‌ನದ್ದಾದ್ರೆ 14.8. ನಂಬರ್ ಒಂದೇ, ಕೆಲಸ ಎರಡು ಪಟ್ಟು. ಸಣ್ಣಕ್ಷರದಲ್ಲಿ ಡಬ್ಬಿಯ ಹಿಂದೆ ವ್ಯಾಟ್ ಅವರ್ ಬರೆದಿರ್ತಾರೆ, ಅದನ್ನ ಹೋಲಿಸಿ.

ಇನ್ನೆರಡು ವಿಷಯ. ಒಂದು, ಚಾರ್ಜಿಂಗ್ ಪೋರ್ಟ್ ಟೈಪ್-ಸಿ ಇದ್ರೂ, ಕೆಲವು ಅಗ್ಗದ ಪಂಪ್‌ಗಳು ಎರಡೂ ಕಡೆ ಟೈಪ್-ಸಿ ಇರೋ ಕೇಬಲ್‌ಗೆ ಚಾರ್ಜ್ ಆಗಲ್ಲ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿ ರಾತ್ರಿಯಿಡೀ ಬಿಟ್ಟರೂ ಬೆಳಗ್ಗೆ ಸೊನ್ನೆಯೇ. ಹಳೇ ಚೌಕದ ಯುಎಸ್‌ಬಿ ಕೇಬಲ್ಲೇ ಬೇಕು. ಎರಡು, ಬ್ಯಾಟರಿಯನ್ನ ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಇಡಬೇಡಿ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ. ಲಿಥಿಯಂ ಬ್ಯಾಟರಿಯ ಆಯಸ್ಸು ತಿನ್ನೋದು ಇವೆರಡೇ. ತಿಂಗಳಿಗೊಮ್ಮೆ ಚಾರ್ಜ್ ನೋಡೋಕೆ ಫೋನ್‌ನಲ್ಲಿ ರಿಮೈಂಡರ್ ಹಾಕಿ.

ನಮ್ಮ ರಸ್ತೆ ಕೇಳೋದೇನು?

ನಾಲ್ಕೂ ತಾಲ್ಲೂಕಿನ ರಸ್ತೆ ಒಂದೇ ಥರ ಅಲ್ಲ. ಮೈಸೂರು, ಹುಣಸೂರು, ಪಿರಿಯಾಪಟ್ಟಣ ಹೆದ್ದಾರಿಯಲ್ಲಿ ಸೈಕಲ್ ಕೆಟ್ಟರೆ ಬಸ್ಸಿದೆ, ಬಂಕಿದೆ, ಟೈರ್ ಅಂಗಡಿ ಇದೆ. ಕೆ.ಆರ್. ನಗರದಿಂದ ಚುಂಚನಕಟ್ಟೆ ಕಡೆ ಹೋದ್ರೆ ಕಾಲುವೆ, ಗದ್ದೆ, ಹತ್ತಿರ ಹತ್ತಿರ ಊರು. ಯಾರಾದ್ರೂ ಸಿಕ್ಕೇ ಸಿಗ್ತಾರೆ. ಬೆಟ್ಟದಪುರದ ಕಡೆ ಒಳರಸ್ತೆಗೆ ಇಳಿದ್ರೆ ಸ್ವಲ್ಪ ಕಷ್ಟ. ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ಬ್ಯಾರನ್‌ಗಳಿಗೆ ಸೌದೆ ಹೊತ್ತ ಟ್ರ್ಯಾಕ್ಟರ್‌ಗಳು ಓಡಾಡ್ತವೆ, ರಸ್ತೆ ಅಂಚಲ್ಲಿ ಸಿಬಿರು, ಜಾಲಿಮುಳ್ಳು. ಬೇಸಿಗೆಯಲ್ಲಿ ನೆಗ್ಗಿಲುಮುಳ್ಳಿನ ಸರದಿ.

ಎಚ್.ಡಿ. ಕೋಟೆಯದ್ದು ಬೇರೆಯೇ ಲೆಕ್ಕ. ಅಂತರಸಂತೆ ಕಡೆಯ ರಸ್ತೆ ಚಂದ. ಆದ್ರೆ ಮುಂದೆ ನಾಗರಹೊಳೆ ಕಾಡು. ಕಾಡಿನೊಳಗೆ ಹಾದು ಬಾವಲಿ, ಮಾನಂದವಾಡಿಗೆ ಹೋಗೋ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಂದ್. ಕಾಡಿನ ಪ್ರಾಣಿಗೆ ಗೇಟ್ ಯಾವುದು, ಊರು ಯಾವುದು ಅಂತ ಗೊತ್ತಿಲ್ಲ. ಸಂಜೆ ಹೊತ್ತು ಅಂಚಿನ ಹೊಲಗಳಿಗೂ ಆನೆ ಇಳಿಯುತ್ತೆ.

ಹೋದ ಡಿಸೆಂಬರ್‌ನಲ್ಲಿ ಆ ಕಡೆಯಿಂದ ವಾಪಸ್ ಬರ್ತಿದ್ದೆ. ಕೋಟೆಗೆ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್. ಗಂಟೆ ಐದು. ಹಿಂದಿನ ಟೈರ್ ಮೆತ್ತಗಾಯ್ತು. ಬ್ಯಾಗ್‌ನಲ್ಲಿ ಹೊಸ ಟ್ಯೂಬ್ ಇತ್ತು, ಬದಲಾಯಿಸೋಕೂ ಬರುತ್ತೆ. ಆದ್ರೆ ಹಿಂದಿನ ಚಕ್ರ, ಚೈನು, ಟೈರ್ ಬಿಚ್ಚೋದು ಅಂದ್ರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ದನ ಹೊಡ್ಕೊಂಡು ಬರ್ತಿದ್ದ ಅಜ್ಜಿಯೊಬ್ಬರು ನಿಂತು, "ಯಾಕ್ ಕೂಸೇ ಒಬ್ಳೇ ನಿಂತ್ಕಂಡೆ? ಆನೆ ಬರೋ ಹೊತ್ತು, ಬಿರ್ನೆ ಹೋಗವ್ವಾ" ಅಂದ್ರು.

ಟೈರ್ ಸುತ್ತ ಬೆರಳಾಡಿಸಿದೆ. ಮುಳ್ಳು ಅಲ್ಲೇ ಕೂತಿತ್ತು. ಕೀಳಲಿಲ್ಲ. ಕಿತ್ತರೆ ತೂತು ಬಾಯಿ ಬಿಡುತ್ತೆ, ಬಿಟ್ಟರೆ ಮುಳ್ಳೇ ಅರ್ಧ ಬಿರಡೆ. 45ಕ್ಕೆ ಸೆಟ್ ಮಾಡಿ ಗಾಳಿ ತುಂಬಿ ಹೊರಟೆ. ನಾಲ್ಕೈದು ಕಿಲೋಮೀಟರ್ ಆದ ಮೇಲೆ ಒಂದು ಮನೆ ಮುಂದೆ ನಿಲ್ಲಿಸಿ ಇನ್ನೊಂದು ಸಲ ತುಂಬಿದೆ. ಕೋಟೆ ಬಸ್ ಸ್ಟ್ಯಾಂಡ್ ತಲುಪಿದಾಗ ಇನ್ನೂ ಬೆಳಕಿತ್ತು.

ಈ ಪಂಪ್‌ನ ನಿಜವಾದ ಬೆಲೆ ಇದೇ ಅಂತ ನನಗನ್ನಿಸೋದು. ಕೈ ನೋವು ತಪ್ಪೋದು, ಟೈಮ್ ಉಳಿಯೋದು ಆಮೇಲಿನ ಮಾತು. ನಿಧಾನವಾಗಿ ಸೋರೋ ಟೈರನ್ನ ನಾಲ್ಕು ಜನ ಇರೋ ಜಾಗಕ್ಕೆ, ಬೆಳಕಿರೋ ಜಾಗಕ್ಕೆ ತಲುಪಿಸುತ್ತೆ. ರಿಪೇರಿ ಅಲ್ಲಿ ಕೂತು ಮಾಡಬಹುದು. ಅದಕ್ಕೇ ಮೊದಲು ಹೇಳಿದ್ದು, ಎಷ್ಟು ಪಿಎಸ್‌ಐ ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದು ಮುಖ್ಯ. ಒಂದೇ ಟೈರಿಗೆ ಸುಸ್ತಾಗೋ ಪಂಪ್‌ನಿಂದ ಎರಡನೇ ಸಲ ತುಂಬೋಕಾಗಲ್ಲ.

ಹಾಗಂತ ಎಲ್ಲ ಪಂಕ್ಚರ್‌ಗೂ ಇದು ಮದ್ದಲ್ಲ. ಟೈರ್ ಸೀಳಿದ್ರೆ, ವಾಲ್ವ್ ಬುಡ ಹರಿದ್ರೆ ಎಷ್ಟು ತುಂಬಿದ್ರೂ ಗಾಳಿ ನಿಲ್ಲಲ್ಲ. ಟ್ಯೂಬ್, ಎರಡು ಟೈರ್ ಲಿವರ್, ಪ್ಯಾಚ್, ಸಲ್ಯೂಷನ್ ಬ್ಯಾಗ್‌ನಲ್ಲಿ ಇರಲೇಬೇಕು.

ಬೇರೆ ದಾರಿ ಇಲ್ವಾ?

ಇದೆ. ಕೈಯಲ್ಲಿ ಒತ್ತೋ ಮಿನಿ ಪಂಪ್‌ಗೆ ಚಾರ್ಜ್ ಬೇಡ, ಮಳೆಗೆ ಹೆದರಲ್ಲ, ವರ್ಷಗಟ್ಟಲೆ ಬಾಳುತ್ತೆ. ಆದ್ರೆ ಒಂದು ಒತ್ತಿಗೆ 50 ಮಿಲಿಲೀಟರ್ ಗಾಳಿ ಅಂದ್ಕೊಂಡ್ರೂ ಆ ಎಂಟಿಬಿ ಟೈರಿಗೆ ಇನ್ನೂರಕ್ಕೂ ಹೆಚ್ಚು ಸಲ ಒತ್ತಬೇಕು. ಮಾಡಬಹುದು, ಬೆವರಿಳಿಯುತ್ತೆ ಅಷ್ಟೇ. ದೂರ ಹೋಗುವಾಗ ನನ್ನ ಬ್ಯಾಗ್‌ನಲ್ಲಿ ಅದೂ ಒಂದಿರುತ್ತೆ. ಬ್ಯಾಟರಿ ಕೈಕೊಟ್ಟರೆ ಕೈಯೇ ಗತಿ.

ಸಿಒ2 ಕಾರ್ಟ್ರಿಜ್ ಇನ್ನೊಂದು. 16 ಗ್ರಾಂನದ್ದು ಸುಮಾರು ಎಂಟೂವರೆ ಲೀಟರ್ ಅನಿಲ ಕೊಡುತ್ತೆ. ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ: ರೋಡ್ ಸೈಕಲ್‌ಗೆ ಸಾಕು, ದಪ್ಪ ಎಂಟಿಬಿ ಟೈರಿಗೆ ಸಾಲದು. ಒಂದು ಸಲ ಬಳಸಿದ್ರೆ ಮುಗೀತು. ಆ ಅನಿಲ ರಬ್ಬರ್ ಮೂಲಕ ಬೇಗ ಸೋರೋದರಿಂದ ಮಾರನೇ ದಿನ ಮತ್ತೆ ಗಾಳಿ ತುಂಬಬೇಕು. ನಮ್ಮ ಊರುಗಳಲ್ಲಿ ಬೇಕಾದಾಗ ಸಿಗೋ ವಸ್ತುವೂ ಅಲ್ಲ.

ಮನೆಯಿಂದ ಹೊರಡೋ ಮುಂಚೆ ತುಂಬೋಕೆ ಮಾತ್ರ ಬೇಕು ಅಂದ್ರೆ, ಕಾಲಲ್ಲಿ ಮೆಟ್ಟಿ ಎರಡೂ ಕೈಯಲ್ಲಿ ಒತ್ತೋ ಮೀಟರ್ ಇರೋ ಫ್ಲೋರ್ ಪಂಪ್ ತಗೊಳ್ಳಿ. ಅಗ್ಗ, ಗಟ್ಟಿ. ಅದಕ್ಕೆ ಚಾರ್ಜಿಂಗ್ ಪಂಪ್ ದಂಡ.

ತಂದ ದಿನವೇ ಲೋಡ್ ಟೆಸ್ಟ್

ಕೋಡ್ ಬರೆದವರು ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಬಿಡ್ತೀವಾ? ಪಂಪೂ ಅಷ್ಟೇ. ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ ಇಷ್ಟು ಮಾಡಿ.

ಪೂರ್ತಿ ಚಾರ್ಜ್ ಮಾಡಿ. ನಿಮ್ಮದೇ ಸೈಕಲ್‌ನ ಹಿಂದಿನ ಟೈರಿನ ಗಾಳಿ ಪೂರ್ತಿ ಬಿಡಿ. ನೀವು ಓಡಿಸೋ ಒತ್ತಡಕ್ಕೆ ತುಂಬಿ, ಫೋನ್‌ನಲ್ಲಿ ಟೈಮ್ ನೋಡಿ. ಹತ್ತು ನಿಮಿಷ ಪಂಪ್ ಆರೋಕೆ ಬಿಡಿ. ಮತ್ತೆ ಗಾಳಿ ಬಿಡಿ, ಮತ್ತೆ ತುಂಬಿ. ಬ್ಯಾಟರಿ ಸಾಯೋವರೆಗೂ ಹೀಗೇ ಮಾಡಿ ಎಷ್ಟು ಸಲ ಆಯ್ತು ಅಂತ ಬರೆದಿಡಿ. ಬಾಕ್ಸ್ ಮೇಲಿನ ನಂಬರ್ ಮರೆತುಬಿಡಿ, ಇನ್ನು ಮೇಲೆ ಇದೇ ನಿಮ್ಮ ನಂಬರ್. ಮೂರಕ್ಕಿಂತ ಕಡಿಮೆ ಬಂದ್ರೆ ನಾನಂತೂ ವಾಪಸ್ ಕಳಿಸ್ತೀನಿ.

ಪಂಪ್‌ನ ಮೀಟರ್ ತೋರಿಸೋದನ್ನ ಟೈರ್ ಅಂಗಡಿಯ ಗೇಜ್ ಜೊತೆ ಒಮ್ಮೆ ಹೋಲಿಸಿ. ಎರಡು ಮೂರು ಪಿಎಸ್‌ಐ ವ್ಯತ್ಯಾಸ ಸಹಜ, ಹತ್ತು ಇದ್ರೆ ಆ ಪಂಪ್ ಬೇಡ. ಎಷ್ಟು ತುಂಬಬೇಕು ಅನ್ನೋದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತೆ, ಕನಿಷ್ಠ ಮತ್ತು ಗರಿಷ್ಠ. ಅದರ ನಡುವೆ ಇರಿ.

ಬಿಸಿ ಬಗ್ಗೆಯೂ ಹುಷಾರು. ಗಾಳಿ ಒತ್ತಿದ್ರೆ ಬಿಸಿಯಾಗುತ್ತೆ, ಹಳೇ ಕಬ್ಬಿಣದ ಪಂಪ್‌ನ ಬುಡ ಮುಟ್ಟಿದವರಿಗೆ ಗೊತ್ತು. ಈ ಪುಟ್ಟ ಪಂಪ್‌ಗಳ ನಾಝಲ್ ಕೈ ಸುಡುವಷ್ಟು ಬಿಸಿಯಾಗುತ್ತೆ. ನೇರವಾಗಿ ವಾಲ್ವ್‌ಗೆ ಕೂರೋ ಚಿಕ್ಕ ಪಂಪ್‌ಗಿಂತ ಪೈಪ್ ಇರೋದು ವಾಸಿ. ಮಕ್ಕಳ ಕೈಗೆ ಕೊಡಬೇಡಿ. ಸದ್ದೂ ಜೋರು, ಬೆಳಗ್ಗೆ ಐದಕ್ಕೆ ಹಜಾರದಲ್ಲಿ ಆನ್ ಮಾಡಿದ್ರೆ ಮನೆಮಂದಿಯೆಲ್ಲ ಏಳ್ತಾರೆ.

ಹಾಗಾದ್ರೆ ಯಾವುದು?

ರೋಡ್ ಸೈಕಲ್, ಹೆದ್ದಾರಿ, ಬೆಳಗ್ಗೆ ಹೋಗಿ ತಿಂಡಿ ಹೊತ್ತಿಗೆ ವಾಪಸ್ ಅನ್ನೋರಿಗೆ ಜೇಬಿನ ಪಂಪ್ ಸಾಕು, ನಿಮ್ಮ ಒತ್ತಡಕ್ಕೆ ಎರಡು ಟೈರ್ ತುಂಬೋದನ್ನ ಮನೆಯಲ್ಲಿ ನೋಡಿಕೊಂಡಿದ್ರೆ. ಹೈಬ್ರಿಡ್, ಎಂಟಿಬಿಯಲ್ಲಿ ಒಳರಸ್ತೆ ಸುತ್ತೋರು, ಕೋಟೆ, ಹನಗೋಡಿನ ಕಡೆ ಕಾಡಂಚಿಗೆ ಹೋಗೋರು ತೂಕ ನೋಡಬೇಡಿ. ಪೈಪ್ ಇರೋ, ಸೆಟ್ ಮಾಡಿದಲ್ಲಿ ತಾನೇ ನಿಲ್ಲೋ, 14 ವ್ಯಾಟ್ ಅವರ್ ಆಸುಪಾಸಿನ ದೊಡ್ಡದನ್ನೇ ತಗೊಳ್ಳಿ. ಮನೆಯಲ್ಲಿ ಸ್ಕೂಟರ್, ಅಪ್ಪನ ಸೈಕಲ್, ಮಕ್ಕಳ ಫುಟ್‌ಬಾಲ್ ಎಲ್ಲಕ್ಕೂ ಅದೇ ಆಗುತ್ತೆ. ಖರ್ಚು ಒಬ್ಬರ ಹವ್ಯಾಸಕ್ಕೆ ಆಗಿದ್ದು ಅನ್ನೋ ಮಾತೂ ಬರಲ್ಲ.

ಕೊನೆಗೊಂದು ಮಾತು. ನೀವು ಹೋಗೋ ದಾರಿಯ ಪಂಕ್ಚರ್ ಅಂಗಡಿಯವರ ನಂಬರ್ ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ, ಭಾನುವಾರ ಬಾಗಿಲು ತೆಗೀತಾರಾ ಅಂತಲೂ ಕೇಳಿಟ್ಟುಕೊಳ್ಳಿ. ಪಂಪ್ ನಿಮ್ಮನ್ನ ಅವರ ಅಂಗಡಿವರೆಗೆ ಮುಟ್ಟಿಸುತ್ತೆ. ಮುಳ್ಳು ತೆಗೆದು, ಟ್ಯೂಬ್ ನೀರಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡಿ ಪ್ಯಾಚ್ ಹಾಕೋ ಕೈ ಅವರದ್ದೇ.